ರಟ್ಟಿನ ಹುಡುಗಿ

ಶನಿವಾರ ಬೆಳಿಗ್ಗೆ ವಸಂತಾ ರೊಟ್ಟಿ ತಟ್ಟುತ್ತಿದ್ದಳು. ಇಂಡಿಯನ್ ಸ್ಟೋರಿನ ಜೋಳದ ಹಿಟ್ಟು. ಯಾವ ಕಾಲದಲ್ಲಿ ಬೀಸಿದ್ದೋ, ಜಿಗುಟೇ ಇರಲಿಲ್ಲ. ಎಷ್ಟು ನಾದಿದರೂ ಅಂಚು ಬಿರಿಯುತ್ತಿತ್ತು. ಬಿರಿದಲ್ಲಿ ಬೆರಳು ಒದ್ದೆ ಮಾಡಿ ಒತ್ತುತ್ತ, ಹಿಟ್ಟಿಗೆ ಮೆಲ್ಲಗೆ ಬೈಯುತ್ತ, ಒಂದು ರೊಟ್ಟಿಯನ್ನು ಹಂಚಿಗೆ ಹಾಕಿ ಮೇಲೆ ನೀರು ಸವರಿದಳು. ಅಷ್ಟರಲ್ಲಿ ಬಾಗಿಲ ಗಂಟೆ ಬಡಿಯಿತು.

ಬಂದವಳು ನಾಗಮಣಿ. ಕನ್ನಡ ಬಳಗದ ಅಧ್ಯಕ್ಷೆ. ಟೆಕ್ಸಾಸಿನ ಈ ಕಾಪೆಲ್‌ನಲ್ಲಿ ಅವಳಿಗೆ ಗೊತ್ತಿಲ್ಲದ ಕನ್ನಡದ ಮನೆಯಿಲ್ಲ. ಅವಳು ಕೆಲಸ ಹೇಳದ ಮನೆಯೂ ಇಲ್ಲ. ಅವಳ ಪಕ್ಕದಲ್ಲಿ ಪ್ಲಾಸ್ಟಿಕ್ ಸುತ್ತಿದ, ಎದೆಯೆತ್ತರದ ಒಂದು ವಸ್ತು ಗೋಡೆಗೆ ಒರಗಿ ನಿಂತಿತ್ತು.

“ವಸಂತಾ, ಸಂಜೆ ಹಾಲ್‌ಗೆ ಬರೋವಾಗ ಇದನ್ನ ನಿಮ್ಮ ವ್ಯಾನಲ್ಲಿ ಹಾಕ್ಕೊಂಡು ಬನ್ನಿ ಪ್ಲೀಸ್. ನನ್ನ ಕಾರಲ್ಲಿ ಮಲಗ್ಸಿದ್ರೆ ಕಾಲು ಮುರಿದುಹೋಗತ್ತೆ.”

“ಯಾರ ಕಾಲು?”

“ಆಶಾದು!” ನಾಗಮಣಿ ಪ್ಲಾಸ್ಟಿಕ್ಕನ್ನು ಪರಪರ ಹರಿದಳು. “ನೋಡಿ ನಮ್ಮ ಹುಡುಗೀನ. ಇವತ್ತಿನ ಹೀರೋಯಿನ್ನು.”

ರಟ್ಟಿನ ಹುಡುಗಿ. ಒಂಬತ್ತು ವರ್ಷದ ಮಗುವಿನ ಎತ್ತರ. ಕಂಕುಳಲ್ಲಿ ಹರಿದ ಫ್ರಾಕು, ಬರಿಗಾಲು, ಎಣ್ಣೆ ಕಾಣದ ಕೂದಲು, ಕೆಂಪಗೆ ನೀರಾಡುವ ಕಣ್ಣು. ಮುಂದಕ್ಕೆ ಚಾಚಿದ ಕೈಯಲ್ಲಿ ಅಲ್ಯೂಮಿನಿಯಂ ತಟ್ಟೆ. ತಟ್ಟೆಯ ನಡುವೆ ಒಂದು ಸೀಳು.

“ದೇಣಿಗೆ ಕವರು ಹಾಕೋದಕ್ಕೆ,” ಎಂದಳು ನಾಗಮಣಿ. “ನನ್ನದೇ ಐಡಿಯಾ. ಹಿಂದುಗಡೆ ಡಬ್ಬಿ ಅಂಟಿಸಿದೀವಿ. ಕಣ್ಣು ನೋಡಿ, ಕಣ್ಣಲ್ಲೇ ಹಸಿವು. ನಂಗಂತೂ ನಿನ್ನೆಯಿಂದ ಪಿಜ್ಜಾ ಇಳೀತಿಲ್ಲ.”

ವಸಂತಾ ಕಣ್ಣು ನೋಡಲಿಲ್ಲ. ಎಡಹುಬ್ಬು ನೋಡಿದಳು. ಹುಬ್ಬಿನ ನಡುವೆ ಒಂದು ಬೋಳು ಗೆರೆ. ಬೋರಿನ ಹತ್ತಿರ ಕೊಡದ ಕಂಠ ಬಡಿದು ಆದ ಗಾಯ ಅದು. ಆಮೇಲೆ ಅಲ್ಲಿ ಕೂದಲು ಬರಲೇ ಇಲ್ಲ. ಮನೆಯಿಂದ ಹೊರಡುವ ಮುಂಚೆ ದಿನಾ ಆ ಗೆರೆಯ ಮೇಲೆ ವಸಂತಾ ಪೆನ್ಸಿಲ್ ಎಳೆಯುತ್ತಿದ್ದಳು. ಇವತ್ತು ಇನ್ನೂ ಎಳೆದಿರಲಿಲ್ಲ.

ಆ ಹುಡುಗಿ ವಸಂತಾ.

ಹಸಿವಂತೆ! ಫೋಟೋ ತೆಗೆದ ದಿನ ಹಾಸ್ಟೆಲ್ಲಿನಲ್ಲಿ ಗೋಧಿ ಹುಗ್ಗಿ ಮಾಡಿದ್ದರು. ಪರದೇಶದ ಜನ ಬರುತ್ತಾರೆಂದು ವರ್ಷಕ್ಕೊಮ್ಮೆಯ ಹುಗ್ಗಿ. ತಟ್ಟೆ ಖಾಲಿಯಿದ್ದದ್ದು ಅವಳು ನೆಕ್ಕಿ ಖಾಲಿ ಮಾಡಿದ್ದಕ್ಕೆ. ಕೈ ಚಾಚಿದ್ದು ಇನ್ನೊಂದು ಸೌಟು ಬೀಳುತ್ತದೇನೋ ಎಂದು. ಕಣ್ಣಲ್ಲಿ ನೀರು ಬಂದದ್ದು ಕಣ್ಣುಬೇನೆಗೆ. ಹಾಸ್ಟೆಲ್ಲಿನ ಹುಡುಗಿಯರಿಗೆಲ್ಲ ಆ ವಾರ ಕಣ್ಣು ಬಂದಿದ್ದವು. ಆ ಕೀವನ್ನು ನೋಡಿ ಇಲ್ಲೊಬ್ಬಳಿಗೆ ಪಿಜ್ಜಾ ಇಳಿಯುತ್ತಿಲ್ಲ.

“ಎಲ್ಲಿ ಸಿಕ್ತು ಇದು?” ವಸಂತಾ ಬೆಂಗಳೂರಿನ ಕನ್ನಡದಲ್ಲಿ ಕೇಳಿದಳು. ಹೊರಗಿನವರ ಮುಂದೆ ಅವಳು ಆ ಕನ್ನಡವನ್ನೇ ಉಟ್ಟುಕೊಳ್ಳುತ್ತಿದ್ದಳು.

“ಹ್ಯೂಸ್ಟನ್ ವೆಂಕಟಗಿರಿ ಡಾಕ್ಟ್ರು ಇಲ್ವಾ, ಬಡಮಕ್ಕಳ ಟ್ರಸ್ಟಿನವರು? ಅವರ ಹತ್ರ ಯುರೋಪಿನ ಯಾವುದೋ ಸಂಸ್ಥೆಯ ಹಳೇ ಕ್ಯಾಲೆಂಡರಿತ್ತು. ಅದರಲ್ಲಿದ್ದ ಫೋಟೋ. ದೊಡ್ಡ ಪ್ರಿಂಟ್ ಬೇಕು ಅಂತ ಆ ಸಂಸ್ಥೆಗೆ ಮೇಲ್ ಮಾಡಿದ್ವಿ. ಕೊಡಲ್ಲ ಅಂದ್ರು ಕಣ್ರೀ! ಈ ಮೇ ತಿಂಗಳಿಂದ ಹೊಸ ಕಾನೂನಂತೆ, ಒಪ್ಪಿಗೆ ಇಲ್ಲದ ಮಕ್ಕಳ ಫೋಟೋ ಎಲ್ಲಾ ತೆಗೆದುಬಿಟ್ರಂತೆ. ಡಾಕ್ಟ್ರು ಹೇಳಿದ್ರು, ‘ಅವರ ಕಾನೂನು ಅವರ ಮನೇಲಿಟ್ಕೊಳ್ಳಲಿ, ಇದು ಟೆಕ್ಸಾಸ್, ಸ್ಕ್ಯಾನ್ ಮಾಡ್ಸಿ’ ಅಂತ.”

“ಆಶಾ ಅಂತ ಹೆಸರು ಯಾರು ಹೇಳಿದ್ರು?”

“ನಾವೇ ಇಟ್ವಿ. ಮೀಟಿಂಗಲ್ಲಿ ವೋಟ್ ಹಾಕಿ. ಚೆನ್ನಾಗಿಲ್ವಾ?”

ಆಗ ಒಳಗೆ ಹೊಗೆಯ ಅಲಾರಂ ಕಿರುಚತೊಡಗಿತು. ಹಂಚಿನ ಮೇಲಿನ ರೊಟ್ಟಿ ಇದ್ದಿಲಾಗಿತ್ತು. ಮಗಳು ದಿಯಾ ರಾತ್ರಿಯ ಬಟ್ಟೆಯಲ್ಲೇ ಓಡಿಬಂದು ಕುರ್ಚಿ ಹತ್ತಿ ಟವೆಲ್ಲು ಬೀಸಿದಳು. “ಅಮ್ಮಾ! ಫೈರ್ ಟ್ರಕ್ ಬರುತ್ತೆ!” ನಾಗಮಣಿ ಬಾಗಿಲಲ್ಲೇ ಕಿವಿ ಮುಚ್ಚಿಕೊಂಡು, “ಮೂರಕ್ಕೆ ಏರ್‌ಪೋರ್ಟ್! ಸ್ಪೀಕರ್ ಮೇಡಂ! ಮರೀಬೇಡಿ!” ಎಂದು ಕೂಗಿ ಹೊರಟುಹೋದಳು.

ಅಲಾರಂ ನಿಂತಿತು. ದಿಯಾ ಕುರ್ಚಿಯಿಂದ ಇಳಿದು ರಟ್ಟಿನ ಹುಡುಗಿಯ ಎದುರು ನಿಂತಳು. ಇಬ್ಬರೂ ಒಂದೇ ಎತ್ತರ. ಅದರ ಮುಖ ನೋಡಿದಳು. ಅಮ್ಮನ ಮುಖ ನೋಡಿದಳು. ಮತ್ತೆ ಅದರ ಮುಖ.

“ಅಮ್ಮಾ, ಈಸ್ ದಟ್...”

“ಏನವ್ವಾ?”

“ನಥಿಂಗ್.”

ವಸಂತಾ ಹಿಟ್ಟಿನ ಕೈಯಲ್ಲೇ ಬಚ್ಚಲಿಗೆ ಹೋಗಿ ಹುಬ್ಬಿಗೆ ಪೆನ್ಸಿಲ್ ಎಳೆದುಕೊಂಡಳು. ಗೆರೆ ದಪ್ಪವಾಯಿತು. ಒರೆಸಿ ಮತ್ತೆ ಎಳೆದಳು.

ಅವಳ ಊರು ರಾಯಚೂರಿನ ಕಡೆ. ಊರೆಂದರೆ ಊರಲ್ಲ, ಊರಾಚೆಯ ಕೇರಿ. ಆ ಕೇರಿಯ ಹೆಸರನ್ನು ಅವಳು ಅಮೆರಿಕದಲ್ಲಿ ಯಾರ ಮುಂದೆಯೂ ಹೇಳಿರಲಿಲ್ಲ. ಹೇಳುವ ಅಗತ್ಯವೂ ಬಿದ್ದಿರಲಿಲ್ಲ. ಜೋಳದ ರೊಟ್ಟಿ ತಂದವಳನ್ನು, ಎಷ್ಟು ತಡೆದರೂ ಆಗೀಗ ಮಾತಿನ ಕೊನೆಗೆ ‘ರಿ’ ಸೇರಿಸಿದವಳನ್ನು, “ವೆಜ್ಜಾ ನಾನ್‌ವೆಜ್ಜಾ?” ಎಂದರೆ “ವೆಜ್ರೀ” ಎಂದವಳನ್ನು ಕಾಪೆಲ್‌ನ ಜನ ತಾವೇ ಲಿಂಗಾಯತಳನ್ನಾಗಿ ಮಾಡಿದ್ದರು. ಅವಳ ಗಂಡ ದುರಗಪ್ಪ ಆಫೀಸಿನಲ್ಲಿ ಡಿ.ಪಿ. ಆಗಿದ್ದ. ಜನ ಅದನ್ನು ದುರ್ಗಾಪ್ರಸಾದ್ ಎಂದು ಬಿಡಿಸಿಕೊಂಡಿದ್ದರು. ಇವರಿಬ್ಬರೂ ಒಂದೇ ಒಂದು ಸುಳ್ಳನ್ನೂ ಹೇಳಿರಲಿಲ್ಲ. ಬೇರೆಯವರ ತಪ್ಪನ್ನು ತಿದ್ದಿರಲಿಲ್ಲ, ಅಷ್ಟೆ.

ಮಧ್ಯಾಹ್ನ ವ್ಯಾನಿನ ಬಾಗಿಲು ತೆರೆದರೆ ಹಿಂದಿನ ಸೀಟಿನಲ್ಲಿ ರಟ್ಟಿನ ಹುಡುಗಿ ಬೆಲ್ಟ್ ಹಾಕಿಕೊಂಡು ಓರೆಯಾಗಿ ಮಲಗಿತ್ತು.

“ಯಾರು ಹಾಕಿದ್ದು?”

“ನಾನು. ಬೆಲ್ಟ್ ಹಾಕದಿದ್ರೆ ಪೊಲೀಸ್ ಟಿಕೆಟ್ ಕೊಡ್ತಾರೆ,” ಎಂದಳು ದಿಯಾ. “ಆಂಡ್ ನೌ ವಿ ಆರ್ ತ್ರೀ. ಜಾಸ್ತಿ ಜನ ಇದ್ರೆ ಬಿಡೋ ಕಾರ್‌ಪೂಲ್ ಲೇನಲ್ಲಿ ಹೋಗಬಹುದು.”

ವಸಂತಾಗೆ ನಗು ಬಂತು. ಬೆಲ್ಟು ಬಿಗಿಯಾಗಿದೆಯೇ ಎಂದು ಎಳೆದು ನೋಡಿದಳು. ತನಗೆ ಆ ವಯಸ್ಸಿನಲ್ಲಿ ಯಾರೂ ಬೆಲ್ಟ್ ಹಾಕಿರಲಿಲ್ಲ. ಕಾರಿನಲ್ಲಿ ಕೂರಿಸಿಯೂ ಇರಲಿಲ್ಲ.

ಸ್ಪೀಕರ್ ಮೇಡಂ ಅಂದರೆ ಅಹಲ್ಯಾ. ಮೈಸೂರಿನವಳು. ಬ್ರಸೆಲ್ಸ್‌ನಲ್ಲಿ ಮಕ್ಕಳ ಹಕ್ಕುಗಳ ವಕೀಲೆ. ಸಂಜೆಯ ಭಾಷಣದ ವಿಷಯ, ‘ಯುರೋಪಿನ ಕಾನೂನಿನಲ್ಲಿ ಮಗು’. ವಿಮಾನದಿಂದ ಇಳಿದು ಬಂದವಳು ಮುಂದಿನ ಸೀಟಿನಲ್ಲಿ ಕೂತು ಹಿಂದೆ ತಿರುಗಿ ನೋಡಿ ಬೆಚ್ಚಿದಳು.

“ಅಯ್ಯೋ, ಯಾರಿದು?”

“ಆಶಾ,” ಎಂದಳು ದಿಯಾ. “ಪೂರ್ ಗರ್ಲ್. ತಟ್ಟೇಲಿ ತೂತಿದೆ.”

ಅಹಲ್ಯಾ ನಗಲು ಹೊರಟು ನಿಲ್ಲಿಸಿದಳು. “ಈ ಫೋಟೋಗೆ ಒಪ್ಪಿಗೆ ಯಾರು ಕೊಟ್ಟಿದ್ದು?”

“ಅದು ರಟ್ಟು ಮೇಡಂ,” ಎಂದಳು ವಸಂತಾ.

“ರಟ್ಟಾಗೋಕೆ ಮುಂಚೆ ಒಂದು ಮಗು ಆಗಿತ್ತಲ್ಲ, ವಸಂತಾ ಅವರೇ. ನಾವಿದ್ದಲ್ಲಿ ಈಗ ಹೀಗೆಲ್ಲ ಮಾಡೋಕಾಗಲ್ಲ. ಮುಖ ಗುರುತು ಸಿಗೋ ಫೋಟೋ ಅಂದ್ರೆ ಅದು ಆ ಮಗೂದು. ತೆಗೆದವನದಲ್ಲ. ದೊಡ್ಡವಳಾದ ಮೇಲೂ ಅವಳು ಬಂದು ‘ತೆಗೀರಿ’ ಅನ್ನಬಹುದು.”

“ಬಂದು ಅಂದ್ರ? ತೆಗೀತಾರ?” ವಸಂತಾಗೆ ತನ್ನ ಕನ್ನಡ ಜಾರಿದ್ದು ಗೊತ್ತಾಗಲಿಲ್ಲ.

“ತೆಗೀಬೇಕು. ಅಲ್ಲಿ.”

“ಇಲ್ಲಿ?”

“ಇಲ್ಲಿ...” ಅಹಲ್ಯಾ ಕಿಟಕಿಯಾಚೆ ನೋಡಿದಳು. “ಮಕ್ಕಳ ಹಕ್ಕಿನ ಒಪ್ಪಂದ ಅಂತ ಒಂದಿದೆ. ಜಗತ್ತಿನ ಎಲ್ಲಾ ದೇಶಾನೂ ಅನುಮೋದಿಸಿವೆ, ಅಮೆರಿಕ ಒಂದು ಬಿಟ್ಟು. ಸಹಿ ಹಾಕಿ ಇಪ್ಪತ್ತು ವರ್ಷದ ಮೇಲಾಯ್ತು, ಹಾಗೇ ಇಟ್ಕೊಂಡಿದಾರೆ. ಇಲ್ಲಿ ನಾಚಿಕೆ ಇದ್ದವರು ತೆಗೀತಾರೆ.”

“ವಾಟ್ ಇಫ್ ಶೀ ಈಸ್ ಡೆಡ್?” ಹಿಂದಿನಿಂದ ದಿಯಾ ಕೇಳಿದಳು.

“ಇಲ್ಲವ್ವಾ, ಸತ್ತಿಲ್ಲ,” ಅಂದುಬಿಟ್ಟಳು ವಸಂತಾ.

ತಿರುಗಬೇಕಿದ್ದ ತಿರುವು ತಪ್ಪಿತು. ಅವಳು ಮುಂದೆ ಹೋಗಿ, ಒಂದು ಪೆಟ್ರೋಲ್ ಬಂಕಿನ ಬಳಿ ಸುತ್ತು ಹಾಕಿ, ಬೆವರಿದ ಅಂಗೈಯನ್ನು ಸೀರೆಗೆ ಒರೆಸಿಕೊಳ್ಳುತ್ತ ವಾಪಸು ಬಂದಳು.

“ಸಂಜೆ ಸ್ಟೇಜಿನ ಮ್ಯಾಲೆ ಇದನ್ನ ಹೇಳ್ರಿ ಮೇಡಂ,” ಎಂದಳು. “ಈ ಹುಡುಗೀದ.”

ಅಹಲ್ಯಾ ನಿಟ್ಟುಸಿರು ಬಿಟ್ಟಳು. “ನಾನು ಅತಿಥಿ. ಟಿಕೆಟ್ ಅವರದು, ಹೋಟೆಲ್ ಅವರದು. ಕಾನೂನು ಹೇಳ್ತೀನಿ. ಕಟೌಟ್ ಮುಟ್ಟಲ್ಲ.”

ಕಾನೂನು ಸೂಟ್‌ಕೇಸಿನಲ್ಲಿ ಭದ್ರವಾಗಿತ್ತು.

ಹಾಲಿನ ಬಾಗಿಲಲ್ಲಿ ಅಹಲ್ಯಾಳನ್ನು ಇಳಿಸಿ, ಪಾರ್ಕಿಂಗಿನಲ್ಲಿ ವ್ಯಾನು ನಿಲ್ಲಿಸಿ ವಸಂತಾ ಗಂಡನಿಗೆ ಫೋನು ಮಾಡಿದಳು. ದುರಗಪ್ಪ ವಾರವಿಡೀ ಮೂರು ಗಂಟೆ ದಾರಿಯ ರೌಂಡ್ ರಾಕ್‌ನ ಆಫೀಸಿನಲ್ಲಿರುತ್ತಿದ್ದ. ಈ ವಾರ ಶನಿವಾರವೂ ಕೆಲಸ.

“ಸುಮ್ಮ ಇರು,” ಎಂದ ಎಲ್ಲ ಕೇಳಿದ ಮೇಲೆ. “ರಟ್ಟು ಅದು.”

“ರಟ್ಟಲ್ಲ. ನಾನು.”

“ಯಾರಿಗೆ ಗೊತ್ತದ?”

“ನನಗ ಗೊತ್ತದ.”

“ವಸಂತಾ, ಮೊನ್ನೆ ಊಟಕ್ಕ ಕುಂತಾಗ ಟೀಮಿನವ ಗೋತ್ರ ಕೇಳ್ದ. ಹೆಗಲ ಮ್ಯಾಲೆ ಕೈ ಹಾಕಿ, ದೋಸ್ತ್‌ನಂಗ. ಬೆನ್ನ ತಡವಿ ನೋಡಿದ, ದಾರ ಅದನೋ ಇಲ್ಲೋ ಅಂತ. ನಾ ಫೋನ್ ಬಂದಂಗ ಮಾಡಿ ಎದ್ದು ಬಂದೆ. ಈಗ ನೀ ಸ್ಟೇಜ್ ಹತ್ತಿ ನಿಂತ್ರ ನಾಳೆ ನಾ ಯಾವ ಫೋನ್ ಬರಿಸ್ಲಿ? ದಿಯಾನ ಯಾರರ ಬರ್ತ್‌ಡೇಕ್ಕ ಕರೀತಾರ?”

ಅವನದೇನೂ ಸುಳ್ಳಲ್ಲ. ಅದೇ ಅವಳಿಗೆ ಉರಿದದ್ದು. ಹೂಂ ಅಂದು ಫೋನಿಟ್ಟಳು. ರಟ್ಟಿನ ಹುಡುಗಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಒಳಗೆ ಹೋದಳು. ಭಾರವೇ ಇರಲಿಲ್ಲ. ನಿಜವಾದ ಹುಡುಗಿ ತಲೆಯ ಮೇಲೊಂದು ಕೊಡ, ಕಂಕುಳಲ್ಲೊಂದು ಕೊಡ ಹೊತ್ತವಳು. ಅವಳ ಕತ್ತು ಇವತ್ತಿಗೂ ಚಳಿ ಬಂದರೆ ಹಿಡಿಯುತ್ತದೆ. ಕತ್ತಿನ ನೋವು ಯಾವ ಕ್ಯಾಲೆಂಡರಿನಲ್ಲೂ ಅಚ್ಚಾಗಿರಲಿಲ್ಲ.

ಕಟೌಟನ್ನು ಬಾಗಿಲಲ್ಲಿ ನಿಲ್ಲಿಸಿದ್ದೇ ತಡ, ಜನ ಸಾಲುಗಟ್ಟಿದರು. ರೇಷ್ಮೆ ಸೀರೆಗಳು ಬಂದು ಹುಡುಗಿಯ ಹೆಗಲ ಮೇಲೆ ಕೈಯಿಟ್ಟು ಸೆಲ್ಫಿ ತೆಗೆದುಕೊಂಡವು. ಒಬ್ಬಾತ ಮೊದಲು ನಕ್ಕು ತೆಗೆದುಕೊಂಡ. ಹೆಂಡತಿ, “ಏನ್ರೀ, ಬಡತನದ ಜೊತೆ ಹಲ್ಲು ಕಿರಿತೀರಾ?” ಎಂದಳು. ಮುಖ ಸೊಟ್ಟಗೆ ಮಾಡಿ ಇನ್ನೊಂದು ತೆಗೆದುಕೊಂಡ. ಒಬ್ಬ ಅಜ್ಜಿ ಮಾತ್ರ ಕನ್ನಡಕ ಏರಿಸಿ ನೋಡಿ, “ಪಾಪ, ಮಗೂಗೆ ಕಣ್ಣುಬೇನೆ, ಯಾರೂ ಔಷಧಿ ಹಾಕ್ಲಿಲ್ವೇ?” ಅಂದಳು. ಅಜ್ಜಿಯ ಮಾತು ಯಾರೂ ಕೇಳಿಸಿಕೊಳ್ಳಲಿಲ್ಲ.

ಕಾರ್ಯಕ್ರಮ ಶುರುವಾಗುವ ಹೊತ್ತಿಗೆ ಕಟೌಟನ್ನು ವೇದಿಕೆಯ ಮೇಲೆ ಒಯ್ದು ಮೈಕಿನ ಪಕ್ಕ ನಿಲ್ಲಿಸಿದರು. ಅಹಲ್ಯಾ ಮಾತಾಡಲು ನಿಂತಳು. ದಿಯಾಳನ್ನು ಮಕ್ಕಳ ಹಾಡಿಗೆ ಸಿದ್ಧಮಾಡಲು ವಸಂತಾ ವೇದಿಕೆಯ ಹಿಂದಿನ ಕೋಣೆಗೆ ಕರೆದುಕೊಂಡು ಬಂದಿದ್ದಳು. ಹೊಸ ಲಂಗ, ಹಸಿರು ಬಣ್ಣದ್ದು. ದಿಯಾ ಸುತ್ತಿ ಸುತ್ತಿ ನೋಡಿಕೊಳ್ಳುತ್ತಿದ್ದಳು. ಅಹಲ್ಯಾಳ ಮಾತು ಗೋಡೆಯ ಸ್ಪೀಕರಿನಿಂದ ಅಲ್ಲಿಗೂ ಕೇಳುತ್ತಿತ್ತು.

ನಾಗಮಣಿ ಓಡಿಬಂದಳು. ಕೈಯಲ್ಲಿ ಒಂದು ಫ್ರಾಕು. ಹಳೆಬಟ್ಟೆ ಅಂಗಡಿಯದು. ಕಂಕುಳಲ್ಲಿ, ಅಂಚಿನಲ್ಲಿ ಕತ್ತರಿಯಿಂದ ಆಗತಾನೇ ಹರಿದದ್ದು. ಹರುಕು ಬಲು ನೀಟಾಗಿತ್ತು.

“ವಸಂತಾ, ಒಂದು ಫೇವರ್. ಡಾಕ್ಟ್ರಿಗೆ ಈಗ ಹೊಳೀತಂತೆ. ದೇಣಿಗೆಗೆ ಅಪೀಲ್ ಮಾಡೋವಾಗ ಆಶಾ ಹಿಂದಿನಿಂದ ನಿಜವಾದ ಹುಡುಗಿ ಎದ್ದು ಬಂದು ತಟ್ಟೆ ಹಿಡೀಬೇಕು. ಹಾಲೆಲ್ಲಾ ಸುತ್ತಬೇಕು. ಲೈವ್! ನಮ್ಮ ದಿಯಾ ಮಾಡ್ಲಿ.”

“ದಿಯಾನೇ ಯಾಕೆ?”

“ಹೈಟ್ ಸರಿಯಾಗಿದೆ. ಆಮೇಲೆ... ತಪ್ಪು ತಿಳ್ಕೋಬೇಡಿ, ಬೇರೆ ಮಕ್ಕಳೆಲ್ಲಾ ಬೆಳ್ಳಗಿದಾರೆ. ನಂಬಿಕೆ ಬರಲ್ಲ. ಬಾ ಪುಟ್ಟಾ, ಎರಡೇ ನಿಮಿಷ, ಲಂಗ ಬಿಚ್ಚಿ ಇದನ್ನ ಹಾಕ್ಕೋ.”

ಸ್ಪೀಕರಿನಲ್ಲಿ ಅಹಲ್ಯಾ ಹೇಳುತ್ತಿದ್ದಳು: “ಮಗುವಿಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲೂ ಮಗುವಿನ ಮಾತನ್ನು ಕೇಳಬೇಕು ಎನ್ನುತ್ತದೆ ಯುರೋಪಿನ ಹಕ್ಕುಗಳ ಸನ್ನದು.” ಹಾಲಿನಲ್ಲಿ ಚಪ್ಪಾಳೆ ಬಿತ್ತು. ನಾಗಮಣಿ ಫ್ರಾಕನ್ನು ಕಂಕುಳಲ್ಲಿಟ್ಟುಕೊಂಡು ತಾನೂ ಎರಡು ಚಪ್ಪಾಳೆ ತಟ್ಟಿ, ಆಮೇಲೆ ದಿಯಾಳ ಬೆನ್ನಿನ ಹುಕ್ಕಿಗೆ ಕೈ ಹಾಕಿದಳು.

ದಿಯಾ ಅಮ್ಮನನ್ನು ನೋಡಿದಳು. ಎರಡೂ ಕೈ ತಾವಾಗಿಯೇ ಎದೆಗೆ ಬಂದವು.

ಆ ಕೈಗಳನ್ನು ವಸಂತಾ ಬಲ್ಲಳು.

ಆವತ್ತು ಹಾಸ್ಟೆಲ್ಲಿನ ಅಂಗಳ. ನಸುಕಿನಿಂದ ನೀರು ಹೊತ್ತು, ಅಂಗಳ ಸಾರಿಸಿ, ಅತಿಥಿಗಳ ಜಳಕದ ಡ್ರಮ್ಮು ತುಂಬಿದ ಹುಡುಗಿಯರಿಗೆಲ್ಲ ಹೊಸ ಫ್ರಾಕು ಕೊಟ್ಟಿದ್ದರು. ನೀಲಿ ಬಣ್ಣ, ಬಿಳಿ ಕಾಲರು. ಗಂಜಿಯ ವಾಸನೆ. ವಸಂತಾ ಹುಟ್ಟಿದಾಗಿನಿಂದ ಮೊದಲು ತೊಟ್ಟ ಹೊಸ ಬಟ್ಟೆ. ಫೋಟೋದವನು ಬಂದು ನೋಡಿದ. ತಲೆ ಅಲ್ಲಾಡಿಸಿದ. ವಾರ್ಡನ್ ಸುಶೀಲಮ್ಮನ ಕಿವಿಯಲ್ಲಿ ಏನೋ ಹೇಳಿದ. ಸುಶೀಲಮ್ಮ ಬಂದು, “ಚಂದ ಕಾಣಾಕತ್ತೀರಂತ. ಬಿಚ್ರಿ,” ಎಂದಳು. ಅಲ್ಲೇ. ಬಿಸಿಲಿನಲ್ಲಿ. ಜೀಪಿನ ಡ್ರೈವರು ನೋಡುತ್ತಿದ್ದ. ಅಡುಗೆಯವನು ನೋಡುತ್ತಿದ್ದ. ಒಗೆಯಲು ಹಾಕಿದ ರಾಶಿಯಿಂದ ಹಳೇ ಬಟ್ಟೆ ಬರುವ ತನಕ ಹುಡುಗಿಯರು ಕೈ ಎದೆಗಿಟ್ಟುಕೊಂಡು ನಿಂತಿದ್ದರು. ಬಂದ ಬಟ್ಟೆ ಹಸಿ ಇತ್ತು, ಯಾರದೋ ಮೈ ವಾಸನೆ ಇತ್ತು. ನೀಲಿ ಫ್ರಾಕು ಮತ್ತೆ ಕಾಣಲಿಲ್ಲ.

ವಸಂತಾ ನಾಗಮಣಿಯ ಮಣಿಕಟ್ಟು ಹಿಡಿದಳು. ದಿನಾ ರೊಟ್ಟಿ ತಟ್ಟುವ ಕೈ. ಹಿಡಿತ ಬಲವಾಗಿಯೇ ಬಿತ್ತು.

“ಕೈ ತೆಗೀರಿ.”

“ಅಯ್ಯೋ, ಯಾಕ್ರೀ, ಆ್ಯಕ್ಟಿಂಗ್ ಅಷ್ಟೇ...”

“ಕೈ ತೆಗೀರಿ ಅಂದೆ. ನನ್ನ ಮಗಳು ಬಟ್ಟಿ ಬಿಚ್ಚಂಗಿಲ್ಲ.”

ನಾಗಮಣಿ ಕೈ ತೆಗೆದಳು. ವಸಂತಾ ಕೈಬಟ್ಟೆಗೆ ಉಗುಳು ಹಚ್ಚಿ ಹುಬ್ಬು ಒರೆಸಿದಳು. ಪೆನ್ಸಿಲಿನ ಮಸಿ ಹಣೆಗೆಲ್ಲ ಹರಡಿತು. ಬೋಳು ಗೆರೆ ಹೊರಗೆ ಬಂತು.

“ನೋಡ್ರಿ. ಸ್ಟೇಜಿನ ಮ್ಯಾಲೆ ಒಂದು ನಿಂತದಲ್ಲ, ಅದನ್ನೂ ನೋಡ್ರಿ. ಅಕಿ ಹೆಸರು ಆಶಾ ಅಲ್ಲ. ವಸಂತಾ. ವೋಟ್ ಹಾಕಿ ಇಟ್ಟದ್ದಲ್ಲ, ನಮ್ಮವ್ವ ಇಟ್ಟದ್ದು.”

ನಾಗಮಣಿಯ ಬಾಯಿ ತೆರೆಯಿತು. ಒಂದು ಗಳಿಗೆ ಮುಖದಲ್ಲಿ ಏನೂ ಇರಲಿಲ್ಲ. ಆಮೇಲೆ ಮುಖವೆಲ್ಲ ಬೆಳಗಿತು.

“ನೀವಾ? ಓ ಮೈ ಗಾಡ್, ವಸಂತಾ! ಸೂಪರ್! ಇದನ್ನ ಸ್ಟೇಜ್ ಮೇಲೆ ಹೇಳ್ಬೇಕು! ಅಂದು ಆಶಾ, ಇಂದು ಕಾಪೆಲ್! ಜನ ಎದ್ದು ನಿಂತ್ಕೋತಾರೆ! ಆಗ ಈ ಫ್ರಾಕ್ ಬೇಡವೇ ಬೇಡ, ನೀವು ರೇಷ್ಮೆ ಸೀರೇಲೇ...” ಮಾತು ಅಲ್ಲೇ ತೊಡರಿತು. ಏನೋ ಲೆಕ್ಕ ಹಾಕುತ್ತಿರುವಂತೆ ಕಣ್ಣು ಕಿರಿದಾಯಿತು. “ಒಂದ್ನಿಮಿಷ. ಆ ಹಾಸ್ಟೆಲ್ಲು... ಡಾಕ್ಟ್ರು ಹೇಳಿದ್ರು, ಅದು ಬರೀ... ಮತ್ತೆ ನೀವು ಲಿಂಗಾಯತ್ರಲ್ವಾ?”

“ನಾ ಯಾವಾಗ ಅಂದೆ?”

“ಅಲ್ಲ, ರೊಟ್ಟಿ...”

“ರೊಟ್ಟಿ ಜ್ವಾಳದ್ದು.”

“ಅಂದ್ರೆ ಯುಗಾದಿಗೆ ನಮ್ಮನೆಗೆ ತಂದ ಹೋಳಿಗೆ...”

“ನಾನ ಮಾಡಿದ್ದು. ಈ ಕೈಲೆ ತಟ್ಟಿದ್ದು. ದೇವರ ಮುಂದ ಇಟ್ರಿ. ನೀವು ಎರಡು ಸಲ ಹಾಕಿಸ್ಕೊಂಡು ತಿಂದ್ರಿ. ಜೀರ್ಣ ಆಗಿ ಎಂಟು ತಿಂಗಳಾತು, ಈಗೇನೂ ಮಾಡಾಕ ಬರಂಗಿಲ್ಲ.”

ನಾಗಮಣಿ ಫ್ರಾಕನ್ನು ಎದೆಗವಚಿಕೊಂಡು ಹಿಂದೆ ಸರಿದಳು. ತೀರಾ ಸ್ವಲ್ಪ. ಆ ಸ್ವಲ್ಪವೇ ಸಾಕಾಗಿತ್ತು. ವಸಂತಾ ಅಂತಹ ಹಿಂದೆ ಸರಿಯುವಿಕೆಯನ್ನು ಬಾವಿಕಟ್ಟೆಯಿಂದ ಬಲ್ಲಳು. ಇಲ್ಲಿ ಅದು ಸುಗಂಧ ಹಚ್ಚಿಕೊಂಡಿತ್ತು, ಅಷ್ಟೇ ವ್ಯತ್ಯಾಸ.

ದಿಯಾ ಎಲ್ಲವನ್ನೂ ಕೇಳಿಸಿಕೊಂಡು ನಿಂತಿದ್ದಳು. ವಸಂತಾ ಮಗಳ ಹುಕ್ಕು ಹಾಕಿದಳು. “ನಡಿ ಬಂಗಾರ,” ಎಂದಳು. “ಮನಿಗೆ ಹೋಗೂಣು.”

ಹೊರಗೆ ಹೋಗಲು ವೇದಿಕೆಯ ಪಕ್ಕದಿಂದಲೇ ದಾರಿ. ಭಾಷಣ ಮುಗಿದಿತ್ತು. ಅಹಲ್ಯಾ ಶಾಲು ಹೊದ್ದು, ಕೈಯಲ್ಲಿ ಹಣ್ಣಿನ ಬುಟ್ಟಿ ಹಿಡಿದು ಕೂತಿದ್ದಳು. ಕೆಳಗೆ ಮಕ್ಕಳ ಪ್ರಶ್ನೆಗಾಗಿ ಒಂದು ಗಿಡ್ಡ ಮೈಕು. ಅದರ ಮುಂದೆ ಐದಾರು ಮಕ್ಕಳು, ಬಳಗದವರು ಕಲಿಸಿಕೊಟ್ಟ ಪ್ರಶ್ನೆಗಳನ್ನು ಒಪ್ಪಿಸಲು ಕಾಯುತ್ತಿದ್ದರು. ವೆಂಕಟಗಿರಿ ಡಾಕ್ಟರು ದೊಡ್ಡ ಮೈಕು ಹಿಡಿದಿದ್ದರು. ಬಿಳಿ ಕೂದಲು, ಜರಿಪೇಟ. ಇನ್ನೊಂದು ಕೈ ರಟ್ಟಿನ ಹುಡುಗಿಯ ತಲೆಯ ಮೇಲಿತ್ತು.

“ಈ ಮಗುವಿಗೆ ಯಾರಿದ್ದಾರೆ?” ಡಾಕ್ಟರು ದನಿಯನ್ನು ಗದ್ಗದ ಮಾಡಿಕೊಂಡರು. “ತಂದೆಯಿಲ್ಲ. ತಾಯಿಯಿಲ್ಲ. ಹೆಸರೂ ಇಲ್ಲ. ಎಲ್ಲಾ ನಾವೇ.”

ವಸಂತಾ ನಿಂತಳು.

ಅವಳ ತಾಯಿ ಗಂಗವ್ವ ಈಗಲೂ ಬದುಕಿದ್ದಳು. ಇವತ್ತು ಬೆಳಿಗ್ಗೆಯೇ ಫೋನಿನಲ್ಲಿ, ಮೊಮ್ಮಗಳಿಗೆ ಅರಿಷಿಣದ ಹಾಲು ಕುಡಿಸು ಎಂದು ಬೈದಿದ್ದಳು. ಅಂಥ ಗಂಗವ್ವನನ್ನು ಈ ಮನುಷ್ಯ ಮೈಕಿನಲ್ಲಿ ಕೊಂದುಬಿಟ್ಟ. ಚಪ್ಪಾಳೆಗೋಸ್ಕರ.

ವಸಂತಾ ಮಗಳ ಕೈ ಬಿಟ್ಟು ಮೆಟ್ಟಿಲು ಹತ್ತಿದಳು. ಡಾಕ್ಟರ ಕೈಯನ್ನು ರಟ್ಟಿನ ತಲೆಯಿಂದ ಎತ್ತಿ ಪಕ್ಕಕ್ಕಿಟ್ಟಳು. ಹುಡುಗಿಯನ್ನು ಬುಡಸಮೇತ ಎತ್ತಿಕೊಂಡಳು. ಹಿಂದಿನ ಡಬ್ಬಿ ಕಳಚಿತು. ಕವರುಗಳು ವೇದಿಕೆಯ ಮೇಲೆ ಚೆಲ್ಲಿದವು. ನಾಲ್ಕು ಜನ ಕವರು ಆರಿಸಲು ಓಡಿಬಂದರು. ಅವಳ ಮುಖ ನೋಡಲು ಯಾರೂ ಬರಲಿಲ್ಲ.

“ಏನಮ್ಮಾ ಇದು? ವಾಲಂಟಿಯರಾ ನೀವು?” ಡಾಕ್ಟರು ಮೈಕಿನಲ್ಲೇ ಕೇಳಿದರು. “ಅದನ್ನ ಕೆಳಗಿಡಿ. ಅದು ಟ್ರಸ್ಟಿಂದು.”

“ಇಡಂಗಿಲ್ಲ.”

“ನಮ್ಮ ಪ್ರಾಪರ್ಟಿ ಕಣಮ್ಮಾ ಅದು!”

ಹೇಳಬೇಕಾದದ್ದು ಬೆಟ್ಟದಷ್ಟಿತ್ತು. ಹುಗ್ಗಿ, ಕಣ್ಣುಬೇನೆ, ನೀಲಿ ಫ್ರಾಕು, ಕೇರಿ. ಯಾವುದನ್ನು ಮೊದಲು ಹೇಳುವುದೋ ತಿಳಿಯಲಿಲ್ಲ. ಅವಳು ರಟ್ಟನ್ನು ಅಪ್ಪಿಕೊಂಡು ನಿಂತಳು, ಅದರ ಕೆನ್ನೆಗೆ ತನ್ನ ಕೆನ್ನೆ ತಾಗಿಸಿ. ಮುಂದಿನ ಸಾಲಿನಲ್ಲಿ ಕೂತಿದ್ದ ಕನ್ನಡಕದ ಅಜ್ಜಿ ಒಮ್ಮೆ ಆ ಮುಖ, ಒಮ್ಮೆ ಈ ಮುಖ ನೋಡಿ, “ಅಯ್ಯೋ ಶಿವನೇ” ಎಂದಳು. ಆ ಮಾತು ಒಂದು ಸಾಲಿನಿಂದ ಇನ್ನೊಂದು ಸಾಲಿಗೆ ಹರಿಯಿತು. ಅಹಲ್ಯಾ ಹಣ್ಣಿನ ಬುಟ್ಟಿಯನ್ನು ಮೆಲ್ಲಗೆ ಕೆಳಗಿಟ್ಟಳು.

ಡಾಕ್ಟರಿಗೆ ಮಾತ್ರ ಏನೂ ತಿಳಿಯಲಿಲ್ಲ. “ಮುಂದುವರಿಸೋಣ,” ಎಂದು ನಕ್ಕರು. “ಮಕ್ಕಳ ಪ್ರಶ್ನೆ ತಗೊಳ್ಳೋಣ. ಯಾರಮ್ಮಾ ಅದು ಹಸಿರು ಲಂಗ? ಕೇಳು ಪುಟ್ಟೀ, ಹೆದರಬೇಡ, ಇದು ನಿನ್ನ ಹಕ್ಕು.”

ಗಿಡ್ಡ ಮೈಕಿನ ಮುಂದೆ ದಿಯಾ ನಿಂತಿದ್ದಳು. ಸಾಲಿನಲ್ಲಿದ್ದ ಮಕ್ಕಳನ್ನೆಲ್ಲ ಯಾವಾಗ ದಾಟಿ ಬಂದಳೋ. ಮೈಕನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವಳು ತಲೆಯೆತ್ತಿದಳು.

“ಡಾಕ್ಟರ್ ಅಂಕಲ್, ಈ ಫೋಟೋ ತೆಗೆಯೋಕೆ ಮುಂಚೆ ನಮ್ಮಮ್ಮನ್ನ ಯಾರಾದ್ರೂ ಕೇಳಿದ್ರಾ?”